ಮಹಜರಿಗೆ ಎರಡನೇ ಸಹಿ

ಕಾಗದದ ಮೂಲೆಗೆ ಎಣ್ಣೆ ಅಂಟಿದೆ, ಕೋಸು ತುಂಬಿ ಕರಿದ ಪಿರೊಷ್ಕಿಯ ಎಣ್ಣೆ, ತಿಂದ ಕೈ ಒರೆಸಿಕೊಳ್ಳದೆ ಹಾಗೇ ಬರೆದಿದ್ದಾಳೆ ಹೆಡ್‌ಮಿಸ್ ಅಲ್ಬಿನಾ ಕರ್ಪೊವ್ನಾ, ಮೂರನೇ ಕ್ಲಾಸಿನ ಮಗು ಹೀಗೆ ಮಾಡಿದ್ದರೆ ರಿಮ್ಮಾ ಸವೇಲ್ಯೆವ್ನಾ ಮೂಲೆಗೆ ನಿಲ್ಲಿಸುತ್ತಿದ್ದಳು, ಆದರೆ ಇದು ಮಗುವಿನ ಪುಸ್ತಕವಲ್ಲ, ಮಹಜರು, ಕೆಳಗೆ ಸಾಕ್ಷಿಗಳಿಗೆ ಎರಡು ಗೆರೆ, ಒಂದರ ಮೇಲೆ ಪಿ.ಟಿ. ಮೇಷ್ಟ್ರು ಗೆರ್ಮಾನ್ ಆಗಲೇ ಸಹಿ ಗೀಚಿ, ಈ ದರಿದ್ರಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ನಿಂತು ಮೊಬೈಲು ತಿಕ್ಕುತ್ತಿದ್ದಾನೆ, ಇನ್ನೊಂದು ಗೆರೆ ಖಾಲಿ, ಅದು ಅವಳದು. ಏನ್ರೀ ನೋಡ್ತಾ ಕೂತಿದ್ದೀರಾ, ಬೇಗ ಹಾಕಿ, ಜನ ಬರ್ತಿದ್ದಾರೆ, ಎನ್ನುತ್ತಾಳೆ ಅಲ್ಬಿನಾ — ಎಲ್ಲಿಯ ಜನ, ಭಾನುವಾರ ಮಧ್ಯಾಹ್ನ ಎರಡು ಗಂಟೆ, ಮತದಾನದ ಮೂರನೇ ದಿನ, ಬರಬೇಕಾದವರನ್ನೆಲ್ಲ ಶುಕ್ರವಾರವೇ ಕಾರ್ಖಾನೆಯ ಬಸ್ಸಿನಲ್ಲಿ ತುಂಬಿಕೊಂಡು ಬಂದಾಯಿತು, ಈಗ ಬರುವವರು ಹೊರಗಿನ ಕೊಳೆತ ಹಿಮದಲ್ಲಿ ಜಾರುತ್ತ, ಬಾಗಿಲ ಬಳಿಯ ಅಗ್ಗದ ಪಿರೊಷ್ಕಿಗೆ ಆಸೆಪಟ್ಟು ಬರುವ ನಾಲ್ಕು ಮುದುಕಿಯರು, ಅವರಿಗೆ ಹಾಡು ಬೇರೆ, ಧ್ವನಿವರ್ಧಕ ಬೆಳಗಿನಿಂದ ಯುದ್ಧದ ಕಾಲದ ಹಾಡುಗಳನ್ನು ಒದರುತ್ತಿದೆ, ತಲೆ ಸಿಡಿಯುತ್ತಿದೆ. ಮಹಜರಿನಲ್ಲಿ ಹೀಗಿದೆ, ವೀಕ್ಷಕಿ ಉಸ್ತಿನ್ಯಾ ಮತಪೆಟ್ಟಿಗೆಯನ್ನು ಒದ್ದಳು, ಮತಗಟ್ಟೆಯ ಅಧ್ಯಕ್ಷೆಯನ್ನು, ಅಂದರೆ ಈ ಅಲ್ಬಿನಾಳನ್ನು, ತಳ್ಳಿದಳು. ಒದ್ದಳಂತೆ! ಆ ಕಡ್ಡಿಯಂಥ ಹುಡುಗಿ! ಅವಳು ಮಾಡಿದ್ದಿಷ್ಟೇ, ಬೆಂಚಿನ ಮೇಲಿಟ್ಟಿದ್ದ ಮೊದಲ ದಿನದ ಮತಪತ್ರಗಳ ಮೊಹರು ಚೀಲದ ಕಡೆ ಬಗ್ಗಿ ನಂಬರು ಓದಿದಳು, ತನ್ನ ನೋಟುಪುಸ್ತಕ ನೋಡಿದಳು, ಮತ್ತೆ ಓದಿದಳು, ಆಮೇಲೆ ಮೆಲ್ಲಗೆ, ಇದು ಶುಕ್ರವಾರದ ಚೀಲ ಅಲ್ಲ, ಬದಲಾಯಿಸಿದ್ದೀರಿ, ನನ್ನ ಆಕ್ಷೇಪಣೆ ಬರೆದುಕೊಳ್ಳಿ ಎಂದಳು. ಮೆಲ್ಲಗೆ ಹೇಳಿದ್ದೇ ತಪ್ಪಾಯಿತು, ಕೂಗಾಡಿದ್ದರೆ ಅಲ್ಬಿನಾಗೆ ಇಷ್ಟು ಭಯವಾಗುತ್ತಿರಲಿಲ್ಲ.

ಭಯ, ಹೌದು, ಕುತ್ತಿಗೆಯವರೆಗೆ ಕೆಂಪು ಏರಿತ್ತಲ್ಲ ಇವಳಿಗೆ, ಈಗ ನೋಡು, ದರ್ಪ. ಶಾಲೆಯ ಇದೇ ಹಾಲ್, ಇದೇ ಹಸಿರು ಬಟ್ಟೆ ಹೊದಿಸಿದ ಮೇಜು, ಇಪ್ಪತ್ತನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಒಂದೇ ಒಂದು ಮತಪತ್ರಕ್ಕಾಗಿ ಕಮ್ಯುನಿಸ್ಟರ ಕಡೆಯ ವೀಕ್ಷಕ ಮುದುಕನೊಬ್ಬ ರಿಮ್ಮಾಳೊಂದಿಗೆ ಒಂದು ಗಂಟೆ ಜಗಳ ಕಾದಿದ್ದ, ಗುರುತು ಚೌಕದ ಒಳಗಿದೆಯೇ ಹೊರಗಿದೆಯೇ ಎಂದು, ರೀ ಮೇಡಂ ಕನ್ನಡಕ ಹಾಕ್ಕೊಂಡು ನೋಡ್ರಿ ಎಂದು ಮೈಮೇಲೆ ಬಿದ್ದಿದ್ದ, ಇವಳೂ ಬಿಟ್ಟಿರಲಿಲ್ಲ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ ತಾತ ಎಂದಿದ್ದಳು, ಕೊನೆಗೆ ಆ ಮತ ಅವನಿಗೇ ಹೋಗಿ ಇಬ್ಬರೂ ಚಹಾ ಕುಡಿದಿದ್ದರು, ಎಂಥ ಸುಖದ ಜಗಳ ಅದು, ಆಗ ಗೊತ್ತಿರಲಿಲ್ಲ. ಆಮೇಲೆ ಮೇಲಿನ ಕಚೇರಿಯಿಂದ ಫೋನು ಬರತೊಡಗಿತು, ಮೊದಲು ಎಷ್ಟು ಜನ ಬಂದರೆಂದು ಕೇಳುವ ಫೋನು, ಮುಂದಿನ ಸಲ ಎಷ್ಟು ಜನ ಬರಬೇಕೆಂದು ಹೇಳುವ ಫೋನು, ಅದರ ಮುಂದಿನ ಸಲ ಫೋನೂ ಇಲ್ಲ, ಅಂಕಿಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರು. ಸಹಿ ಹಾಕಿದ್ದಳು. ಸುಸ್ತಾಗಿತ್ತು, ಮನೆಗೆ ಹೋಗಬೇಕಿತ್ತು, ಸತ್ತುಹೋದ ಗಂಡನಿಗೆ ಆಗಿನ್ನೂ ಜೀವವಿತ್ತು, ಜ್ವರವಿತ್ತು. ಸಂವಿಧಾನದ ತಿದ್ದುಪಡಿಗೆ ಮತ ಹಾಕಿಸಿದ ಬೇಸಿಗೆಯಲ್ಲಂತೂ ಅಂಗಳದ ಮರದ ಕೊರಡಿನ ಮೇಲೆ, ಯಾರದೋ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ವಾರವಿಡೀ ಕೂತಿದ್ದರು, ಸೊಳ್ಳೆ ಕಚ್ಚಿಸಿಕೊಂಡು, ನಗುತ್ತ — ನಕ್ಕಿದ್ದರಲ್ಲ, ನಾಚಿಕೆಗೆಟ್ಟವರು, ಸಂತೆಯಲ್ಲಿ ಸೌತೆಕಾಯಿ ಮಾರೋಕೆ ಕೂತ ಹಾಗಿದೆ ಎಂದು ಈ ಗೆರ್ಮಾನನೇ ನಗಿಸಿದ್ದ, ಆಗಲೂ ಸಹಿ ಹಾಕಿದ್ದಳು. ಅಂಕಿ ತಾನೇ, ಅಂಕಿಗೆ ತಾಯಿ ಇರುವುದಿಲ್ಲ, ಅಂಕಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಇವತ್ತು ಅಂಕಿ ಇಲ್ಲ. ಹೆಸರಿದೆ.

ಯಾಕೆ ಬಂದೆಯೇ ಹಾಳಾದವಳೇ, ಊರಿನಲ್ಲಿ ನಲವತ್ತು ಮತಗಟ್ಟೆಗಳಿವೆ, ನನ್ನ ಮೇಜಿನ ಮುಂದೆಯೇ ಬಂದು ನಿಲ್ಲಬೇಕಿತ್ತೇ, ಔಷಧಿ ಅಂಗಡಿಯಲ್ಲಿ ಕೆಲಸವಿತ್ತು, ತೆಪ್ಪಗೆ ಕೆಮ್ಮಿನ ಸಿರಪ್ಪು ಮಾರಿಕೊಂಡಿರಲು ನಿನಗೇನು ಬಂದಿತ್ತು ರೋಗ — ಹುಡುಗಿ ಗೋಡೆಗೊರಗಿ ನಿಂತಿದ್ದಾಳೆ, ಪಕ್ಕದಲ್ಲಿ ಪೊಲೀಸ್ ಸಾರ್ಜೆಂಟ್, ಅವಳ ತೋಳು ಹಿಡಿದಿಲ್ಲ, ಹಿಡಿಯುವಷ್ಟು ಹತ್ತಿರ ನಿಂತಿದ್ದಾನೆ. ಹೋದ ವರ್ಷ ಒಂದ್ಸಲ ದಂಡ ಬಿದ್ದಿದೆ ಇವಳಿಗೆ, ಎಂದು ಅವನು ಹಲ್ಲಿಗೆ ಕಡ್ಡಿಯಾಡಿಸುತ್ತ ಹೇಳುತ್ತಾನೆ, ಚೌಕದಲ್ಲಿ ಖಾಲಿ ಹಾಳೆ ಹಿಡ್ಕೊಂಡು ನಿಂತಿದ್ಲು, ಏನೂ ಬರೆದಿರ್ಲಿಲ್ಲ, ಬರೀ ಹಾಳೆ, ಈಗ ಇದೊಂದು ಕಾಗದ ಆಗ್ಲಿ, ಮೂರು ವರ್ಷ ಗ್ಯಾರಂಟಿ. ಮೂರು ವರ್ಷವೆಂದರೆ ಇಪ್ಪತ್ತೈದು ಆಗಿರುತ್ತದೆ ಹೊರಬರುವಾಗ, ಹಲ್ಲು ಇರುತ್ತದೋ ಇಲ್ಲವೋ. ನೋಡಬೇಡ ಕಣೇ ನನ್ನನ್ನು ಹಾಗೆ, ಒಂದನೇ ಕ್ಲಾಸಿನಿಂದ ನಾಲ್ಕು ವರ್ಷ ನನ್ನೆದುರು ಕೂತವಳು ಎಂದು ನೋಡುತ್ತಿದ್ದೀಯಾ, ಮೂವತ್ತೇಳು ವರ್ಷದಲ್ಲಿ ನನ್ನೆದುರು ಕೂತವರೆಷ್ಟೋ ಮಂದಿ, ಈ ಸಾರ್ಜೆಂಟನೂ ಯಾರೋ ಒಬ್ಬ ಟೀಚರಿನ ಎದುರು ಕೂತವನೇ. ಸಹಿ ಹಾಕಬೇಡ ರಿಮ್ಮಾ, ಎದ್ದು ಹೋಗು, ಕಾಗದ ಹರಿದು ಈ ಎಣ್ಣೆಗೈಯವಳ ಮುಖಕ್ಕೆ ಎಸೆ, ನಾನು ನೋಡಿದ್ದು ಅದಲ್ಲ ಎಂದು ಒಂದು ಮಾತು, ಒಂದೇ ಮಾತು — ನಿಮ್ಮ ಮಗಳು ಮುನಿಸಿಪಲ್ ಕ್ಲಿನಿಕ್ಕಿನಲ್ಲೇ ಅಲ್ವಾ ಕೆಲಸ ಮಾಡೋದು, ಚೆನ್ನಾಗಿದ್ದಾಳಾ, ಎಂದು ಅಲ್ಬಿನಾ ಕೇಳುತ್ತಾಳೆ, ಅದೇನು ಮೃದು ಧ್ವನಿ, ಏನು ಅಕ್ಕರೆ, ಹುಟ್ಟುಹಬ್ಬಕ್ಕೆ ಕೇಕು ತರುವ ಧ್ವನಿ. ಚೆನ್ನಾಗಿದ್ದಾಳೆ, ಎಂದು ರಿಮ್ಮಾ ಸವೇಲ್ಯೆವ್ನಾ ಹಲ್ಲು ಗಿಂಜುತ್ತಾಳೆ, ಥೂ, ಗಿಂಜಿದಳಲ್ಲ, ಇಪ್ಪತ್ತು ವರ್ಷದ ಹಿಂದೆ ಪಾಠ ಹೇಳಲು ಬಾರದೆ ಸ್ಟಾಫ್‌ರೂಮಿನಲ್ಲಿ ರಿಮ್ಮಾಳ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದ ಅಲ್ಬಿನಾ, ಆಗಲೇ ಕತ್ತು ಹಿಡಿದು ಆಚೆ ನೂಕಿದ್ದರೆ ಶಾಲೆ ಉಳಿಯುತ್ತಿತ್ತು, ಏನು ಉಳಿಯುತ್ತಿತ್ತು ಮಣ್ಣು, ಇವಳಿಲ್ಲದಿದ್ದರೆ ಇನ್ನೊಬ್ಬಳು, ಮೇಲೆ ಅವನೊಬ್ಬ ಕೂತಿರುವ ತನಕ ಕೆಳಗೆ ಸಾಲಾಗಿ ಇಂಥವರೇ ಹುಟ್ಟುತ್ತಾರೆ, ಇಪ್ಪತ್ತನಾಲ್ಕು ವರ್ಷ, ಅವನು ಕೂತಲ್ಲಿಂದ ಏಳಲಿಲ್ಲ, ನಾವು ನಿಂತಲ್ಲಿ ನಿಲ್ಲಲಿಲ್ಲ, ಒಂದೊಂದೇ ಹೆಜ್ಜೆ ಹಿಂದೆ ಹೋದೆವು, ಅವನನ್ನು ಯಾರು ಕೂರಿಸಿದ್ದು, ಈ ಹಸಿರು ಮೇಜಿನ ಮೇಲೆ ಎಣಿಸಿ ಎಣಿಸಿ ಕೂರಿಸಿದ್ದು, ಸಾಯಲಿ ಎಲ್ಲರೂ, ಈ ಧ್ವನಿವರ್ಧಕ ಸುಟ್ಟುಹೋಗಲಿ, ಗೆರ್ಮಾನನ ಬೆರಳಿಗೆ ಲಕ್ವ ಹೊಡೆಯಲಿ — ಸರಿ ಸರಿ, ಸಾಕು, ಕೊಡಿ ಇಲ್ಲಿ, ಎಂದು ಅಲ್ಬಿನಾ ಅವಳ ಕೈಕೆಳಗಿನಿಂದ ಕಾಗದ ಎಳೆದುಕೊಳ್ಳುತ್ತಾಳೆ, ಏನು ಸಾಕು, ಯಾಕೆ ಎಳೆಯುತ್ತಿದ್ದಾಳೆ, ಗೆರೆಯ ಮೇಲೆ ಸಹಿ ಇದೆ, ನೀಲಿ, ಇನ್ನೂ ಹಸಿ, ಅವಳದೇ. ಯಾವಾಗ ಹಾಕಿದಳು? ಬಯ್ಯುತ್ತಿದ್ದಳಲ್ಲ, ಇಷ್ಟು ಹೊತ್ತೂ ಬಯ್ಯುತ್ತಲೇ ಇದ್ದಳಲ್ಲ, ಇಪ್ಪತ್ತು ವರ್ಷದಿಂದ ಹೀಗೇ, ಒಳಗೆ ಬೈಗುಳ, ಕೈಯ ಪಾಡಿಗೆ ಕೈ.

ಈಗ ನೀನು, ಓದಿದ್ದೇನೆ ಅಂತ ಬರೆದು ಸಹಿ ಮಾಡು, ಎಂದು ಅಲ್ಬಿನಾ ಕಾಗದವನ್ನು ಹುಡುಗಿಯ ಕಡೆ ತಳ್ಳುತ್ತಾಳೆ, ಹುಡುಗಿ ಮೇಜಿನ ಹತ್ತಿರ ಬರುತ್ತಾಳೆ, ಒದ್ದೆ ಬೂಟಿನ ಚಿರ್ ಚಿರ್, ಕೋಟಿಗೆ ಔಷಧಿಯ ವಾಸನೆ, ಮಹಜರನ್ನು ಪೂರ್ತಿ ಓದುತ್ತಾಳೆ, ಎರಡನೇ ಸಹಿಯ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಲ್ಲುತ್ತದೆ, ಬೈಯಿ, ಉಗಿ, ಏನಾದರೂ ಹೇಳು ಮಾರಾಯ್ತಿ — ನಿಮ್ಮ ಪೆನ್ನು ಕೊಡ್ತೀರಾ ರಿಮ್ಮಾ ಸವೇಲ್ಯೆವ್ನಾ, ನನ್ನದನ್ನ ಸಾರ್ಜೆಂಟ್ ತಗೊಂಡ್ರು. ಕೊಟ್ಟಳು. ಪೆನ್ನು ಬಿಸಿಯಾಗಿತ್ತು, ಅವಳ ಮುಷ್ಟಿಯ ಬಿಸಿ. ಹುಡುಗಿ ಬಗ್ಗಿ ಬರೆಯುತ್ತಾಳೆ, ಓದಿದ್ದೇನೆ, ಆಮೇಲೆ ನಿಲ್ಲಿಸದೆ ಅದರ ಕೆಳಗೇ ಇನ್ನೊಂದು ಪದ, ಅಯ್ಯೋ ಅದೆಲ್ಲ ಬೇಡ ಎಂದು ಅಲ್ಬಿನಾ ಕೈ ಚಾಚುವಷ್ಟರಲ್ಲಿ ಬರೆದಾಗಿದೆ, ಒಪ್ಪುವುದಿಲ್ಲ. ಧ್ವನಿವರ್ಧಕದಲ್ಲಿ ಅದ್ಯಾವುದೋ ಹಾಡು ಮುಗಿದು ಇನ್ನೊಂದು ಶುರುವಾಗುತ್ತದೆ, ಸಾರ್ಜೆಂಟ್ ನಡಿ ಎನ್ನುತ್ತಾನೆ, ಬೂಟಿನ ಸದ್ದು ಬಾಗಿಲಿನ ತನಕ ಹೋಗುತ್ತದೆ, ತಲೆಯೆತ್ತಿ ನೋಡಬೇಕು, ಆದರೆ ಕಣ್ಣು ಕಾಗದ ಬಿಟ್ಟು ಏಳುತ್ತಿಲ್ಲ, ಏಕೆಂದರೆ ಆ ಅಕ್ಷರ — ಬಲಕ್ಕೆ ವಾಲಿದ ದುಂಡನೆಯ ಅಕ್ಷರ, ಒಂದರ ಬಾಲ ಇನ್ನೊಂದಕ್ಕೆ ಕೊಂಡಿ, ಚಳಿಗಾಲದ ಸಂಜೆ, ಎಲ್ಲ ಮಕ್ಕಳೂ ಮನೆಗೆ ಹೋದ ಮೇಲೆ, ಏಳು ವರ್ಷದ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು, ಅಳಬೇಡ ಉಸ್ತ್ಯಾ, ಕೈ ಎತ್ತಬೇಡ, ಪದ ಮುಗಿಯೋ ತನಕ ಕೈ ಎತ್ತಬಾರದು, ಹ್ಞಾ ಹಾಗೆ — ಎತ್ತಿಲ್ಲ, ಎಲ್ಲೂ ಎತ್ತಿಲ್ಲ, ಮೇಲೆ ರಿಮ್ಮಾ ಸವೇಲ್ಯೆವ್ನಾಳ ಸಹಿ, ಕೆಳಗೆ ಆ ಪದ, ಅದೇ ವಾಲು, ಅದೇ ಕೊಂಡಿ, ಯಾರು ನೋಡಿದರೂ ಎರಡನ್ನೂ ಬರೆದವಳು ಒಬ್ಬಳೇ ಎನ್ನಬೇಕು, ಒಪ್ಪುವುದಿಲ್ಲ, ಅವಳದೇ ಕೈಬರಹ, ಅವಳ ಕೈ ಒಮ್ಮೆಯೂ ಬರೆಯದ ಪದ, ಒಪ್ಪುವುದಿಲ್ಲ, ನೀಲಿ, ಇನ್ನೂ ಹಸಿ, ಒಪ್ಪುವುದಿಲ್ಲ