ನಿಧಾನದ ಎಣಿಕೆ

"ವೇಗವಾಗೇ ಎಣಿಸು. ನನ್ನ ಮುಖ ನೋಡ್ಕೊಂಡು ಕೂರಬೇಡ," ಎಂದರು ಮೇಷ್ಟ್ರು, ಸ್ಯಾಕ್ಸೊಫೋನಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ. ಅಷ್ಟು ಮಾತಿಗೇ ಅವರು ನಡುವೆ ಒಮ್ಮೆ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಪಿಯಾನೋ ನುಡಿಸುವವಳ ಕಿವಿ ಚುರುಕು. ಇಷ್ಟು ವರ್ಷ ಇವರ ಕೈಕೆಳಗೆ ದುಡಿದವಳದು ಇನ್ನೂ ಚುರುಕು. "ಆಗಲಿ ಮೇಷ್ಟ್ರೇ," ಎಂದಳು.

ಪರದೆಯಾಚೆ ಸಂಗೀತ ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಜಾಝ್ ವಿಭಾಗದ ಮುಖ್ಯಸ್ಥರಾಗಿ ಮೇಷ್ಟ್ರೇ ಮುಂದುವರಿಯಬೇಕೋ, ಇಲ್ಲ ಆ ಕುರ್ಚಿ ಅವರ ಸಹಾಯಕಿಗೆ ಹೋಗಬೇಕೋ ಎಂಬುದನ್ನು ಇವತ್ತು ಕೇಳಿದ ಮೇಲೆ ಹೇಳುತ್ತೇನೆಂದು ಅವರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು. ಸಹಾಯಕಿ ಎಂದರೆ ಇವಳೇ.

ಇವಳು ಮೊದಲ ಸಲ ವೇದಿಕೆ ಹತ್ತಿದ್ದೂ ಇಲ್ಲಿಯೇ. ನುಡಿಸುವ ಮೊದಲು ಒಬ್ಬರು ಒಂದು, ಎರಡು ಎಂದು ಯಾವ ವೇಗದಲ್ಲಿ ಎಣಿಸುತ್ತಾರೋ ಆ ವೇಗದಲ್ಲೇ ಎಲ್ಲರೂ ನುಡಿಸಬೇಕು; ಆವತ್ತು ಎಣಿಸಿದವರು ಮೇಷ್ಟ್ರು. ಅಭ್ಯಾಸ ಮಾಡಿಸಿದ್ದು ಒಂದು ವೇಗ, ವೇದಿಕೆಯಲ್ಲಿ ಎಣಿಸಿದ್ದು ಅದರ ಎರಡರಷ್ಟು. ಹುಡುಗಿಯ ಬೆರಳುಗಳು ಒಂದರ ಮೇಲೊಂದು ಬಿದ್ದು ಅರ್ಧಕ್ಕೇ ನಿಂತುಹೋದವು. ಮೇಷ್ಟ್ರು ಮೈಕಿನ ಹತ್ತಿರ ಹೋಗಿ, ಪಾಪ, ಅಡುಗೆಮನೆಯಲ್ಲಿ ಇಷ್ಟು ಅವಸರ ಇರುವುದಿಲ್ಲ ನೋಡಿ ಎಂದರು. ಜನ ನಕ್ಕರು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವಳ ಅಮ್ಮನೂ ನಕ್ಕಳು. ಆಮೇಲೆ ಮೇಷ್ಟ್ರು ಒಳಗೆ ಬಂದು, ವಾದ್ಯದೊಳಗೆ ಎಳೆದು ಒರೆಸಿದ ಬಟ್ಟೆಯನ್ನು ಅವಳ ಮಡಿಲಿಗೆ ಎಸೆದು, ಹಿಂಡಿಕೊಂಡು ಬಾ ಎಂದರು. ಅವರ ಉಸಿರು, ಎಂಜಲು ಎರಡೂ ಸೇರಿ ತೊಟ್ಟಿಕ್ಕುವ ಬಟ್ಟೆ. ಅಂದಿನಿಂದ ಅದು ಅವಳದೇ ಕೆಲಸವಾಯಿತು. ಅವಳೂ ಪಾಠ ಹೇಳುವವಳಾದ ಮೇಲೂ ತಪ್ಪಲಿಲ್ಲ.

ಈಚೆಗೆ ಮೇಷ್ಟ್ರ ಎದೆಯಲ್ಲಿ ದಮ್ಮು ಉಳಿದಿರಲಿಲ್ಲ. ಇದು ಊರಿಗೆಲ್ಲ ಗೊತ್ತಾಗದೆ ಇದ್ದದ್ದು ಅವರ ಜಾಣತನ. ಬರೀ ಓಟದ ರಚನೆಗಳನ್ನೇ ಆರಿಸಿಕೊಳ್ಳುತ್ತಿದ್ದರು. ವೇಗದಲ್ಲಿ ಸ್ವರಗಳನ್ನು ತುಂಡು ತುಂಡಾಗಿ ಉದುರಿಸಿ, ಸಂದಿಯಲ್ಲಿ ಉಸಿರು ಕದಿಯಬಹುದು. ಕದ್ದದ್ದನ್ನು ಡ್ರಮ್ಮು ಮುಚ್ಚಿಕೊಳ್ಳುತ್ತದೆ. ಆದರೆ ಪಿಯಾನೋದ ಜಾಗದಿಂದ ಎಲ್ಲ ಕಾಣುತ್ತದೆ. ತರಗತಿಯಲ್ಲಿ ಇದೇ ಮೇಷ್ಟ್ರು ಹೇಳುತ್ತಿದ್ದರು: "ಓಡೋದು ಏನು ಮಹಾ? ನಿಧಾನದಲ್ಲಿ ನಿಂತು ತೋರ್ಸಿ. ಯಾರ ಹತ್ರ ಎಷ್ಟಿದೆ ಅಂತ ಆಗ ಗೊತ್ತಾಗತ್ತೆ."

ಪರದೆ ಸರಿಯಿತು. ಮೇಷ್ಟ್ರೇ ಕಟ್ಟಿದ, ಅವರಿಗೆ ಹೆಸರು ತಂದ, ಎಲ್ಲರೂ ಕಾಲು ಕುಣಿಸುವ ರಚನೆ. ಡ್ರಮ್ ಬಾರಿಸುವ ದಡಿಯ ಕಡ್ಡಿಗಳನ್ನೆತ್ತಿ ಕಾದಿದ್ದ. ಅವಳು ಕೈಯೆತ್ತಿದಳು.

"ಒಂದು..."

ಸಭೆಯಲ್ಲಿ ಯಾರೋ ಕೆಮ್ಮಿದರು. ಕೆಮ್ಮಿ ಮುಗಿಸಿದರು.

"ಎರಡು..."

ದಡಿಯ ಅವಳನ್ನೇ ಕಣ್ಣರಳಿಸಿ ನೋಡಿದ. ಕಡ್ಡಿ ಕೆಳಗಿಟ್ಟು, ನಿಧಾನದ ರಚನೆಗಳಿಗೆ ಬಳಸುವ ಮೆತ್ತಗಿನ ಬ್ರಷ್ ಕೈಗೆತ್ತಿಕೊಂಡ. ಎಣಿಕೆ ಒಮ್ಮೆ ಬಿದ್ದ ಮೇಲೆ ಯಾರೂ ಅದನ್ನು ಬದಲಿಸುವ ಹಾಗಿಲ್ಲ. ಬದಲಿಸಿದರೆ ನನ್ನಿಂದಾಗದು ಎಂದು ಎದ್ದುನಿಂತು ಒಪ್ಪಿಕೊಂಡ ಹಾಗೆ. ಮೇಷ್ಟ್ರು ಹಿಂತಿರುಗಿ ನೋಡಲಿಲ್ಲ. ವಾದ್ಯವನ್ನು ತುಟಿಗಿಟ್ಟುಕೊಂಡರು.

ಮೊದಲ ಸ್ವರ ಉದ್ದಕ್ಕೆ ಹೊರಟು ನಡುವೆಯೇ ನಡುಗಿ ಕಡಿದುಹೋಯಿತು. ಎರಡನೆಯದು ಅಷ್ಟು ದೂರವೂ ಹೋಗಲಿಲ್ಲ. ಗುರು ಉಸಿರೆಳೆದುಕೊಳ್ಳಲು ಬಿಟ್ಟ ಜಾಗವನ್ನು ಜೊತೆಯವರು ತುಂಬಿಕೊಡುವುದು ಎಲ್ಲೆಡೆ ಇರುವ ಮರ್ಯಾದೆ. ಅವಳು ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಖಾಲಿಯಲ್ಲಿ ಮೇಷ್ಟ್ರ ಗೊರಗೊರ ಉಸಿರು ಮೈಕಿಗೆ ಬಿದ್ದು ಹಿಂದಿನ ಸಾಲಿನವರೆಗೂ ಹೋಯಿತು. ರಚನೆಯನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದಿತ್ತು. ಅವಳು ಇನ್ನೊಂದು ಸುತ್ತಿಗೆ ತಿರುಗಿಸಿದಳು, ಆಮೇಲೆ ಮತ್ತೂ ಒಂದಕ್ಕೆ. ಸುಳ್ಳು ಯಾಕೆ, ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಚಪ್ಪಾಳೆಯೇನೋ ಬಿತ್ತು. ಎಡವಿ ಬಿದ್ದ ಮಗು ತಾನೇ ಎದ್ದು ನಿಂತರೆ ತಟ್ಟುತ್ತಾರಲ್ಲ, ಅಂಥದ್ದು.

ಪ್ರಿನ್ಸಿಪಾಲರು ಒಳಗೆ ಬಂದವರೇ ಅವಳ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಗುರುಗಳಿಗೆ ಕಷ್ಟ ಆಗಬಾರದು ಅಂತ ಎಷ್ಟು ನಿಧಾನ ಮಾಡಿಬಿಟ್ರಿ. ವಿಭಾಗಕ್ಕೆ ಇಂಥ ಮನಸ್ಸಿನವರು ಬೇಕು," ಎಂದರು. ಮೇಷ್ಟ್ರ ಭುಜ ತಟ್ಟಿ, ಇನ್ನಾದರೂ ಆರಾಮಾಗಿರಿ ಎಂದು ಹೇಳಿ ಹೋದರು. ಮೇಷ್ಟ್ರು ನಕ್ಕರು. ನಡೆದದ್ದೇನೆಂದು ಹೇಳಬೇಕಾದರೆ ತಮ್ಮಲ್ಲಿ ಉಸಿರಿಲ್ಲವೆಂದು ಮೊದಲು ಹೇಳಬೇಕು. ಆ ಬಾಯಿಗೆ ಬೀಗ ಬೀಳುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಇಬ್ಬರೇ ಉಳಿದರು.

"ಚೆನ್ನಾಗಿ ಎಣಿಸ್ದೆ," ಎಂದರು ಮೇಷ್ಟ್ರು.

"ನೀವೇ ಹೇಳಿಕೊಟ್ಟಿದ್ದಲ್ವಾ, ಮೇಷ್ಟ್ರೇ."

ಅವರು ಕುರ್ಚಿಯಲ್ಲಿ ಕೂತು ವಾದ್ಯ ಬಿಚ್ಚಿದರು. ದಾರ ಕಟ್ಟಿದ ಬಟ್ಟೆಯನ್ನು ಅದರ ಕೊಳವೆಯೊಳಗೆ ಇಳಿಬಿಟ್ಟು ಆ ಕಡೆಯಿಂದ ಎಳೆದರು. ನೋಡದೆಯೇ, ಎಂದಿನ ರೂಢಿಯಂತೆ, ಅವಳ ಕಡೆಗೆ ಚಾಚಿದರು. ಅವಳ ಕೈಯೂ ರೂಢಿಯಂತೆ ಮುಂದೆ ಹೋಯಿತು. ಮೂಲೆಯ ಬೇಸಿನ್ನಿಗೆ ಹೋಗಿ ಬಗ್ಗಿ ಹಿಂಡಿದಳು. ಮತ್ತೊಮ್ಮೆ, ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಂಡಿದಳು. ಒಂದು ಹನಿಯೂ ಬೀಳಲಿಲ್ಲ.

ಹಿಂದೆ ಮೇಷ್ಟ್ರು ಬಟ್ಟೆಗಾಗಿ ಕೈ ಚಾಚಿಕೊಂಡು ಕೂತೇ ಇದ್ದರು.