ಮೂರು ಗಂಟಿನ ಚೀಲದ ಮಣ್ಣು

ಮಣ್ಣು ಸುಡುವುದರಲ್ಲಿ ಆಕೆಯನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಸುಟ್ಟದ್ದನ್ನೆಲ್ಲ ಒಂದೆಡೆ ರಾಶಿ ಹಾಕಿದ್ದರೆ ಅದರ ನೆರಳಿಗೆ ನಾಲ್ಕು ಊರಿನವರು ಮಧ್ಯಾಹ್ನವೇ ದೀಪ ಹಚ್ಚಬೇಕಾಗುತ್ತಿತ್ತು. ಪ್ರಯೋಗಾಲಯದವರು ಆಕೆಯನ್ನು ಬೂದಿಯಕ್ಕ ಎನ್ನುತ್ತಿದ್ದರು. ಕೆಲಸ ಇಷ್ಟೇ: ಒಣಗಿದ ಮಣ್ಣನ್ನು ಪುಟ್ಟ ಮೂಸೆಯಲ್ಲಿ ತೂಗುವುದು, ಕುಲುಮೆಯಲ್ಲಿ ಕಾಯಿಸುವುದು, ಉಳಿದ ಬೂದಿಯನ್ನು ಮತ್ತೆ ತೂಗುವುದು. ಕಡಿಮೆಯಾದ ತೂಕವೇ ಸಾವಯವ ಅಂಶ, ಅಂದರೆ ಮಣ್ಣಿನೊಳಗಿದ್ದ ಕೊಳೆತ ಬೇರು, ಎಲೆ, ಪಾಚಿ. ದಿನಕ್ಕೆ ನಲವತ್ತು ಸಲ ಇದನ್ನೇ ಮಾಡಿ ಆಕೆಯ ಭುಜಗಳು ಬಟ್ಟೆ ಒಣಹಾಕಿದ ಹಳೇ ಹಗ್ಗದಂತೆ ಜೋತುಬಿದ್ದಿದ್ದವು. ಸೋಮವಾರ ಕಾಲಿಡುವಾಗಲೇ ಶುಕ್ರವಾರದ ದಣಿವನ್ನೂ ಕರೆದುಕೊಂಡು ಬರುತ್ತಿತ್ತು.

ಅಂಥದೊಂದು ಸೋಮವಾರ ರೈತರು ಕಳಿಸಿದ ಮಣ್ಣಿನ ಚೀಲಗಳು ಬಂದವು. ಹೆಸರಿಲ್ಲ, ಬರೀ ಸಂಖ್ಯೆ. ಹದಿನೇಳನೆಯ ಚೀಲದ ಬಾಯಿ ನೋಡಿದ ಕೂಡಲೇ ಆಕೆ ಕೈಯಲ್ಲಿದ್ದ ಮೂಸೆಯನ್ನು ಕೆಳಗಿಟ್ಟಳು. ಒಂದರ ಮೇಲೊಂದು ಮೂರು ಗಂಟು. ಇಡೀ ಭೂಮಂಡಲದಲ್ಲಿ ಹಾಗೆ ಬಿಗಿಯುವವರು ಒಬ್ಬರೇ, ಆಕೆಯ ಅಕ್ಕನ ಗಂಡ.

ಭಾವನ ಹೊಲ ಒಂದು ಕಾಲದಲ್ಲಿ ಜೌಗು. ಸಾವಿರಾರು ವರ್ಷ ಹುಲ್ಲು, ಪಾಚಿಗಳೆಲ್ಲ ನೀರಿನಡಿ ಅರೆಬರೆ ಕೊಳೆತು ಆದ ಕರಿಮಣ್ಣು. ಅವರ ಅಜ್ಜನ ಕಾಲದಲ್ಲಿ ಕಾಲುವೆ ತೋಡಿ, ಪಂಪು ಕೂರಿಸಿ ನೀರನ್ನು ಹೊರಗೆಳೆದು ಗಜ್ಜರಿ ಬೆಳೆದರು. ನೀರು ಹೋದ ಜಾಗಕ್ಕೆ ಗಾಳಿ ಬಂತು. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಮಣ್ಣನ್ನೇ ಮೇಯತೊಡಗಿದವು, ವರ್ಷಕ್ಕೊಂದು ಬೆರಳಿನ ದಪ್ಪ. ನೆಲ ಇಳಿಯಿತು, ಆಳದ ಕಂಬಗಳ ಮೇಲೆ ನಿಂತ ಮನೆ ಇಳಿಯಲಿಲ್ಲ. ಅಜ್ಜ ಹೊಸ್ತಿಲಿನಿಂದ ನೇರ ಹೊಲಕ್ಕೆ ಕಾಲಿಡುತ್ತಿದ್ದರಂತೆ. ಈಗ ಅಕ್ಕ ಮಂಡಿ ಹಿಡಿದುಕೊಂಡು ಐದು ಮೆಟ್ಟಿಲು ಇಳಿಯಬೇಕು. ಭಾವ ಮಾತ್ರ, ನಮ್ಮ ಮನೆ ಬೆಳೆಯುತ್ತಿದೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ಈಗ ಉಳಿದ ಕರಿಮಣ್ಣನ್ನು ಕಾಪಾಡಲು ಸರ್ಕಾರದ ಮಣ್ಣು ಮಂಡಳಿ ಹೊಸ ನಿಯಮ ತಂದಿತ್ತು. ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ಸಾವಯವ ಅಂಶ ಉಳಿದಿರುವ ಹೊಲಗಳಲ್ಲಿ ಪಂಪು ನಿಲ್ಲಿಸಿ, ನೀರು ತುಂಬಿಸಿ, ಮತ್ತೆ ಜೌಗು ಮಾಡುವುದು. ಅದಕ್ಕಿಂತ ಕಡಿಮೆಯಿದ್ದರೆ ಉಳಿಸಲು ಏನೂ ಇಲ್ಲ. ರೈತ ಅಲ್ಲೇ ಇರಬಹುದು.

ಹದಿನೇಳನೆಯ ಚೀಲದ ಲೆಕ್ಕ ನಲವತ್ತೊಂದು ಬಂತು. ಹೊಲ ಮುಳುಗಿತು ಎಂದೇ ಅರ್ಥ. ಆದರೆ ಆಕೆಯ ಮೂಗು ಸಾಮಾನ್ಯದ್ದಲ್ಲ, ಮೋಡದೊಳಗಿನ ಹನಿಯನ್ನೂ ಮೂಸಿ ಎಣಿಸುವಂಥದ್ದು. ಮಣ್ಣಿನಿಂದ ಕೊಟ್ಟಿಗೆಯ ವಾಸನೆ ಬರುತ್ತಿತ್ತು. ಒಂದು ಚಮಚ ಮಣ್ಣನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕಲಕಿದಳು. ಹಳೆಯ ಜೌಗಿನ ಮಣ್ಣಾದರೆ ಡಿಕಾಕ್ಷನ್ನಿನಷ್ಟು ಕಪ್ಪು ಬಿಡುತ್ತದೆ. ಆಮ್ಲ ಹನಿಸಿದರೆ ಆ ಕಪ್ಪು, ಅಂದರೆ ಹ್ಯೂಮಿಕ್ ಆಮ್ಲ, ಒಡೆದ ಹಾಲಿನಂತೆ ತಳ ಸೇರುತ್ತದೆ. ಇದು ನೀರು ಹೆಚ್ಚಾದ ಚಹಾದಂತೆ ತೆಳ್ಳಗಿತ್ತು. ತಳಕ್ಕೆ ಇಳಿದದ್ದು ಒಂದು ಚಿಟಿಕೆಯಷ್ಟೇ. ಭಾವ ಹಸಿ ಗೊಬ್ಬರ ಬೆರೆಸಿದ್ದರು.

ಕಲಬೆರಕೆಯಾದರೆ ಪ್ರಯೋಗಾಲಯದವರೇ ಹೋಗಿ ಮಣ್ಣು ತೆಗೆಯಬೇಕು. ಅದು ನೆಂಟರ ಹೊಲ ಎಂದು ಆಕೆ ಮೇಲಧಿಕಾರಿಗೆ ಹೇಳಿದಳು. ಇನ್ನಿಬ್ಬರೂ ರಜೆಯಲ್ಲಿದ್ದಾರೆ, ನೀವೇ ಹೋಗಿ ಎಂದ ಅವರು ಕಡತದಿಂದ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಮಣ್ಣು ಕೊರೆದು ತೆಗೆಯುವ ಬೈರಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಆಕೆಗೆ ಒಂದೇ ಯೋಚನೆ: ಇಪ್ಪತ್ತೊಂದು ಬಂದರೆ ಇಪ್ಪತ್ತೊಂದೇ ಬರೆಯಬೇಕು.

ಭಾವ ಮನೆಯೆದುರಿನ ಕಾಲುವೆಯ ಬಳಿ ಸಿಕ್ಕರು. ಐವತ್ತು ದಾಟಿದ ಈಕೆ ಅವರಿಗೆ ಇನ್ನೂ ಪುಟ್ಟಿಯೇ.

"ಗೊಬ್ಬರ ಬೆರೆಸಿದ್ರಾ ಭಾವ?"

"ಮತ್ತೆ? ಫೋಟೋ ತೆಗೆಸೋಕೆ ಹೋಗುವಾಗ ತಲೆ ಬಾಚ್ಕೊಳ್ಳಲ್ವಾ ಪುಟ್ಟಿ? ಮಣ್ಣು ಚೆನ್ನಾಗಿಲ್ಲ ಅಂತ ಹೊಲ ಕಿತ್ಕೊಂಡ್ರೆ?"

"ಚೆನ್ನಾಗಿದ್ರೇನೇ ಕಿತ್ಕೊಳ್ಳೋದು. ನೋಟೀಸಿನ ಹಿಂದಿನ ಪುಟ ಓದಿದ್ರಾ?"

ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಅಕ್ಕ, ಮುಂದಿನ ಪುಟವನ್ನೂ ಅವರು ಕನ್ನಡಕ ಇಲ್ಲದೆ ಓದಿದ್ದು ಎಂದಳು.

ಮೂರು ಕಡೆ ಬೈರಿಗೆ ತಿರುಗಿಸಿದರು. ಅಜ್ಜನ ಕಾಲದಲ್ಲಿ ಆಳು ಮುಳುಗುವಷ್ಟಿದ್ದ ಕರಿಮಣ್ಣು ಒಂದು ಗೇಣಿಗೇ ಮುಗಿದು ಬೂದುಬಣ್ಣದ ಜೇಡಿ ಬಂತು. ಭಾವ ಅದನ್ನು ಉಗುರಿನಿಂದ ಕೆರೆದರು. ಅಷ್ಟು ಹೊತ್ತು ಅವರ ಬಾಯಿ ಮುಚ್ಚಿದ್ದು ಅವರು ಹುಟ್ಟಿದ ಮೇಲೆ ಅದೇ ಮೊದಲು.

ಪ್ರಯೋಗಾಲಯದಲ್ಲಿ ಈ ಮಣ್ಣಿನ ಲೆಕ್ಕ ಹತ್ತೊಂಬತ್ತು ಬಂತು. ಮೂರು ಸಲ ತೂಗಿದರೂ ಅಷ್ಟೇ. ವರದಿಗೆ ಸಹಿ ಹಾಕಿ, ಶನಿವಾರ ಆಕೆ ತಾನೇ ಹೇಳಲು ಹೋದಳು. ಕೇಳಿದ ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

"ಅಂದ್ರೆ ನಮ್ಮ ಮಣ್ಣು ಫೇಲಾ?" ಎಂದರು ಭಾವ.

"ಫೇಲಾಗಿದ್ದಕ್ಕೇ ನೀವು ಉಳಿದ್ರಿ."

ಭಾವ ಹೊಲದಿಂದ ಒಂದು ಹಿಡಿ ಮಣ್ಣು ತಂದು ಮೆಟ್ಟಿಲ ಮೇಲೆ ಹರಡಿ, ಚೊಂಬಿನಿಂದ ನೀರು ಚಿಮುಕಿಸಿದರು. ಹನಿಗಳು ಇಂಗಲಿಲ್ಲ, ಧೂಳು ಮೆತ್ತಿಕೊಂಡು ಗುಂಡಗೆ ಉರುಳಿ ಅಂಚಿನಲ್ಲಿ ನಿಂತವು.

"ಕುಡೀತಾನೇ ಇಲ್ಲ ಪುಟ್ಟಿ."

"ಬಹಳ ವರ್ಷ ಒಣಗಿದ್ರೆ ಮತ್ತೆ ಕುಡಿಯೋಲ್ಲ ಭಾವ."

"ಇನ್ನೆಷ್ಟು ದಿನ?"

ಎಂಟೋ ಹತ್ತೋ ವರ್ಷ, ಆಮೇಲೆ ಬರೀ ಜೇಡಿ ಎಂದಳು. ಅಷ್ಟು ಸಾಕಾಗುತ್ತೆ ನಮ್ಮಿಬ್ಬರಿಗೆ ಎಂದಳು ಅಕ್ಕ, ಕಣ್ಣು ತೆರೆಯದೆ.

ಭಾವ ಮಣ್ಣನ್ನು ಅಂಗೈಯಿಂದ ಗುಡಿಸಿ ಹೊಲಕ್ಕೇ ಹಾಕಿದರು. ಕೊನೆಯ ಮೆಟ್ಟಿಲಿನಿಂದ ನೆಲ ಎಷ್ಟು ಕೆಳಗಿದೆ ಎಂದು ಗೇಣು ಹಾಕಿ ನೋಡಿದರು. ಆಮೇಲೆ ಮನೆಯ ಹಿಂದಿನಿಂದ ಒಂದೊಂದೇ ಇಟ್ಟಿಗೆ ಹೊತ್ತು ತಂದು ಆರನೆಯ ಮೆಟ್ಟಿಲಿಗೆ ಜೋಡಿಸತೊಡಗಿದರು. ಬೇಲಿಯಾಚೆ ಹೋಗುತ್ತಿದ್ದ ನೆರೆಯವರು ಏನು ಕೆಲಸ ಎಂದು ಕೇಳಿದರು. ಇವಳ ಮಂಡಿ ನೋವು ಎಂದಷ್ಟೇ ಹೇಳಿ ಭಾವ ಇನ್ನೊಂದು ಇಟ್ಟಿಗೆಗೆ ಬಗ್ಗಿದರು.