ಅವ್ವನ ಉಸಿರಿನ ಲೆಕ್ಕ

ಬ್ಯಾಡಗಿಯ ಸೈಬರ್ ಕೆಫೆಯಲ್ಲಿ ಕೂತು ನೀಲಾ ಆನ್‌ಲೈನ್ ಕಾಲೇಜಿನ ಫಿಟ್‌ನೆಸ್ ಕೋರ್ಸ್ ಓದುತ್ತಿದ್ದಳು. ಮನೆಯವರೊಬ್ಬರು ಎಷ್ಟು ಸೆಕೆಂಡು ಉಸಿರು ಹಿಡಿಯಬಲ್ಲರೆಂದು ಅಳೆದು ಬರೆಯುವುದು ಮೊದಲ ಪರೀಕ್ಷೆ.

ಮನೆಗೆ ಬಂದು ಅಳೆದಾಗ, ಮೆಣಸಿನಕಾಯಿ ತೊಟ್ಟು ಬಿಡಿಸುವ ಅವ್ವ ಮಂಗಳವ್ವ ಒಂಬತ್ತು ಸೆಕೆಂಡಿಗೇ ಕೆಮ್ಮಿದಳು.

"ಕಾಯಿ ಘಾಟು ಬಿಡು ನೀಲಾ. ಈ ಊರಾಗ ಯಾರು ಕೆಮ್ಮಂಗಿಲ್ಲ?"

ನೀಲಾಗೂ ಹಾಗೇ ಅನ್ನಿಸಿತು. ಒಂಬತ್ತೆಂದು ಬರೆದರೆ ಮಾರ್ಕ್ಸ್ ಹೋದೀತೆಂದು ಅಂಜಿ, ಆರೋಗ್ಯವಂತರ ಲೆಕ್ಕವೆಂದು ಪಾಠದಲ್ಲಿದ್ದ ನಲವತ್ತನ್ನೇ ತುಂಬಿದಳು. 'ಶ್ವಾಸಕೋಶ ಉತ್ತಮ' ಎಂದು ಉತ್ತರ ಬಂತು. ಅದರ ಪ್ರಿಂಟನ್ನು ಅವ್ವ ಗೋಡೆಗೆ ಹಚ್ಚಿಸಿದಳು.

ಸುಗ್ಗಿ ಮುಗಿಯುವ ಮೊದಲೇ ಅವ್ವ ರಕ್ತ ಕಾರಿದಳು. ಹಾವೇರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸಿಟ್ಟಾದರು.

"ಇಷ್ಟ ದಿನ ಯಾರಿಗೂ ತೋರಿಸಿಲ್ಲೇನವ್ವಾ?"

ಅವ್ವ ಕಷ್ಟದಿಂದ ಉಸಿರೆಳೆದು, ಹೆಮ್ಮೆಯಿಂದಲೇ ಹೇಳಿದಳು:

"ತೋರ್ಸೇನ್ರಿ. ನಮ್ಮ ನೀಲಾನೇ ನೋಡ್ಯಾಳ. ಎಲ್ಲಾ ಚಲೋ ಐತಿ ಅಂತ ಕಂಪ್ಯೂಟರ್‌ನ್ಯಾಗ ಬಂದೈತ್ರಿ."